ಸಭಾಕಂಪವೂ ನಿತ್ಯಸಾಧನೆಯೂ

ವಿದ್ಯೆಯನ್ನು ಕಲಿಯುವುದು ಒಂದು. ಕಲಿತುದನ್ನು ಪರರ ಮುಂದೆ ಒಪ್ಪಿಸುವುದು ಇನ್ನೊಂದು. ಮನೆಯ ಕೋಣೆಯಲ್ಲಿ ನೂರು ಸಲ ತಪ್ಪಿಲ್ಲದೆ ನುಡಿಸಿದ ಕೃತಿಯು ಪರೀಕ್ಷಕರ ಮುಂದೆ ಕುಳಿತ ಕ್ಷಣದಲ್ಲಿಯೇ ಕೈಬಿಟ್ಟು ಹೋಗುವುದನ್ನು ಸಂಗೀತಾಭ್ಯಾಸ ಮಾಡಿದವರೆಲ್ಲರೂ ಬಲ್ಲರು. ಅಂಗೈ ಬೆವರುವುದು, ಬೆರಳು ತಣ್ಣಗಾಗುವುದು, ಬಾಯಿ ಒಣಗುವುದು, ಮೊದಲ ಸ್ವರ ಯಾವುದೆಂಬುದೇ ಮರೆತುಹೋಗುವುದು—ಇವೆಲ್ಲವನ್ನೂ ಸಭಾಕಂಪವೆಂಬ ಒಂದೇ ಮಾತಿನಲ್ಲಿ ಅಡಗಿಸಿ ಹೇಳುವುದು ರೂಢಿ. ಇದು ಕಲಿಕೆಯ ಕೊರತೆಯಿಂದ ಹುಟ್ಟುವುದೆಂದೂ, ವಿದ್ಯೆ ಪಕ್ವವಾದಂತೆಲ್ಲ ತಾನಾಗಿಯೇ ಅಳಿಯುವುದೆಂದೂ ಸಾಮಾನ್ಯವಾದ ನಂಬಿಕೆ. ಆ ನಂಬಿಕೆಯ ಕಾರಣದಿಂದಲೇ ಎಷ್ಟೋ ಮಂದಿ ಎಳೆಯರು ತಮ್ಮ ಅಳುಕನ್ನು ಅಯೋಗ್ಯತೆಯ ಗುರುತೆಂದು ಬಗೆದು, ವಾದ್ಯವನ್ನು ಕೆಳಗಿಟ್ಟುಬಿಡುವುದುಂಟು. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ಒರೆಹಚ್ಚಿ ನೋಡಬೇಕಾದರೆ, ಸ್ಪೇನ್ ದೇಶದ ಚೆಲ್ಲೊ ವಾದಕನಾದ ಪಾಬ್ಲೊ ಕಸಾಲ್ಸನ ಜೀವನಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

ಚೆಲ್ಲೊ ಎಂಬುದು ಪಿಟೀಲಿನ ಮನೆತನಕ್ಕೆ ಸೇರಿದ ದೊಡ್ಡ ವಾದ್ಯ. ಅದಕ್ಕೆ ನಾಲ್ಕು ತಂತಿಗಳು. ವಾದಕನು ಅದನ್ನು ನೆಲಕ್ಕೆ ಊರಿ, ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುತ್ತಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಈ ವಾದ್ಯಕ್ಕೆ ಪಿಟೀಲಿನಷ್ಟಾಗಲಿ ಪಿಯಾನೋದಷ್ಟಾಗಲಿ ಮನ್ನಣೆ ಇರಲಿಲ್ಲ. ಅದನ್ನು ಏಕವಾದನದ ಪೀಠಕ್ಕೆ ಏರಿಸಿದವರಲ್ಲಿ ಕಸಾಲ್ಸನದೇ ಮೊದಲ ಹೆಸರು. ಆತನು ಹುಟ್ಟಿದುದು ೧೮೭೬ನೆಯ ಇಸವಿ ಡಿಸೆಂಬರ್ ೨೯ರಂದು, ಕತಲೋನಿಯಾ ಪ್ರಾಂತದ ವೆಂಡ್ರೆಲ್ ಎಂಬ ಸಣ್ಣ ಊರಿನಲ್ಲಿ. ತಂದೆಯು ಆ ಊರ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದ ಬಡ ಸಂಗೀತಗಾರ. ಹುಡುಗನ ಮೊದಲ ಚೆಲ್ಲೊ ಮಾದರಿಯ ವಾದ್ಯವು ಸೋರೆಬುರುಡೆಗೆ ಒಂದೇ ತಂತಿಯನ್ನು ಬಿಗಿದು ಮಾಡಿದ ಆಟದ ವಸ್ತು. ಅದರಲ್ಲಿಯೇ ಅವನು ಹಾಡುಗಳನ್ನು ನುಡಿಸುತ್ತಿದ್ದನು. ಹನ್ನೊಂದನೆಯ ವಯಸ್ಸಿನಲ್ಲಿ ನಿಜವಾದ ಚೆಲ್ಲೊವಿನ ಧ್ವನಿಯನ್ನು ಮೊದಲ ಬಾರಿಗೆ ಕೇಳಿ, ಇದೇ ತನ್ನ ವಾದ್ಯವೆಂದು ನಿಶ್ಚಯಿಸಿಕೊಂಡು, ತಾಯಿಯೊಡನೆ ಬಾರ್ಸಿಲೋನಾ ನಗರಕ್ಕೆ ಹೋಗಿ ಅಲ್ಲಿಯ ಪೌರಸಭೆಯ ಸಂಗೀತಶಾಲೆಯನ್ನು ಸೇರಿದನು.

ಆ ಕಾಲದ ಶಿಕ್ಷಣಕ್ರಮದಲ್ಲಿ ಒಂದು ವಿಚಿತ್ರವಾದ ನಿಯಮವಿದ್ದಿತು. ಕಮಾನು ಹಿಡಿದ ತೋಳು ದೇಹಕ್ಕೆ ಅಂಟಿಕೊಂಡೇ ಇರಬೇಕೆಂದು, ವಿದ್ಯಾರ್ಥಿಯ ಕಂಕುಳಲ್ಲಿ ಒಂದು ಪುಸ್ತಕವನ್ನು ಇರಿಸಿ, ಅದು ಬೀಳದಂತೆ ನುಡಿಸಲು ಹೇಳುತ್ತಿದ್ದರು. ಬಾಲಕನಾದ ಕಸಾಲ್ಸನಿಗೆ ಇದು ಅಸಹಜವೆಂದು ತೋರಿತು. ತೋಳನ್ನು ಬಿಗಿಹಿಡಿದು ನಾದವನ್ನು ಹೇಗೆ ಬಿಡುಗಡೆ ಮಾಡಲಾದೀತು ಎಂದು ಆಲೋಚಿಸಿ, ಮನೆಯಲ್ಲಿ ತನ್ನಷ್ಟಕ್ಕೆ ಪ್ರಯೋಗಗಳನ್ನು ನಡೆಸಿ, ಬಲತೋಳನ್ನು ಸಡಿಲಗೊಳಿಸುವ ಕ್ರಮವನ್ನೂ, ಎಡಗೈಯ ಬೆರಳುಗಳನ್ನು ಹಿಂದಿಗಿಂತ ವಿಶಾಲವಾಗಿ ಚಾಚುವ ಕ್ರಮವನ್ನೂ ಕಂಡುಕೊಂಡನು. ಮುಂದೆ ಜಗತ್ತಿನ ಚೆಲ್ಲೊ ವಾದಕರೆಲ್ಲರೂ ಆ ಹಾದಿಯನ್ನೇ ಹಿಡಿದರು. ಬಿಗಿತವೇ ವಾದಕನ ಮೊದಲ ಶತ್ರುವೆಂಬುದನ್ನು ಅವನು ಎಳೆಯ ವಯಸ್ಸಿನಲ್ಲಿಯೇ ಕಂಡುಕೊಂಡಿದ್ದನೆಂಬುದು ಗಮನಿಸತಕ್ಕ ಸಂಗತಿ. ಏಕೆಂದರೆ ತೋಳಿನ ಬಿಗಿತವನ್ನು ಅವನು ಗೆದ್ದನು. ಮನಸ್ಸಿನ ಬಿಗಿತವನ್ನು ಮಾತ್ರ ಸಾಯುವವರೆಗೂ ಗೆಲ್ಲಲಾರದೆ ಹೋದನು.

ಆ ಎರಡನೆಯ ಶತ್ರುವಿನ ಮೊದಲ ದರ್ಶನ ಅವನಿಗೆ ಆದುದು ೧೮೯೧ರಲ್ಲಿ. ಆಗ ಅವನಿಗೆ ಹದಿನಾಲ್ಕು ವರ್ಷ. ಬಾರ್ಸಿಲೋನಾದ ಒಂದು ನಾಟ್ಯಶಾಲೆಯಲ್ಲಿ ನಟಿಯೊಬ್ಬಳ ಸಹಾಯಾರ್ಥವಾಗಿ ನಡೆದ ಸಭೆಯಲ್ಲಿ ಅವನು ನುಡಿಸಬೇಕಾಗಿದ್ದಿತು. ತಂದೆಯ ಜೊತೆಯಲ್ಲಿ ಟ್ರಾಮಿನಲ್ಲಿ ಕುಳಿತು ಹೋಗುತ್ತಿರುವಾಗ, ನುಡಿಸಬೇಕಾದ ಕೃತಿಯ ಆರಂಭವೇ ಮರೆತುಹೋಯಿತೆಂದು ಹುಡುಗನು ಗಾಬರಿಯಿಂದ ಹೇಳಿದನು. ತಂದೆಯು ಬೈಯಲಿಲ್ಲ, ನಗಲಿಲ್ಲ. ಸಮಾಧಾನ ಹೇಳಿ ಕರೆದುಕೊಂಡು ಹೋದನು. ವೇದಿಕೆಯ ಮೇಲೆ ಕುಳಿತು ಕಮಾನು ತಂತಿಗೆ ತಗುಲಿದ ಮೇಲೆ ಮರೆತುದೆಲ್ಲವೂ ಮರಳಿ ಬಂದಿತು. ಎಂಬತ್ತು ವರ್ಷಗಳು ಕಳೆದ ಮೇಲೆ ವೃದ್ಧನಾದ ಕಸಾಲ್ಸನು ಈ ಪ್ರಸಂಗವನ್ನು ನೆನೆದು, ಆ ದಿನದ ಭೀತಿ ತನ್ನನ್ನು ಎಂದೂ ಬಿಟ್ಟುಹೋಗಲಿಲ್ಲವೆಂದೂ, ಪ್ರತಿಯೊಂದು ಸಭೆಗೆ ಮುಂಚೆಯೂ ಅದೇ ಯಾತನೆಯನ್ನು ಅನುಭವಿಸಿದೆನೆಂದೂ ಒಪ್ಪಿಕೊಂಡನು. ರಾಣಿ ವಿಕ್ಟೋರಿಯಾಳ ಸಮ್ಮುಖದಲ್ಲಿ ನುಡಿಸಿದವನು, ಅಮೆರಿಕದ ಅಧ್ಯಕ್ಷರ ಭವನಕ್ಕೆ ೧೯೦೪ರಲ್ಲಿ ಒಮ್ಮೆ, ೧೯೬೧ರಲ್ಲಿ ಮತ್ತೊಮ್ಮೆ ಆಹ್ವಾನಿತನಾಗಿ ಹೋದವನು ಆಡಿದ ಮಾತಿದು. ವಿದ್ಯೆ ಬೆಳೆದಂತೆ ಅಂಜಿಕೆ ಅಳಿಯುವುದೆಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪ್ರತ್ಯುತ್ತರ ಬೇಕೆ?

ಸಭೆಯಲ್ಲಿ ನುಡಿಸುವುದಕ್ಕಿಂತಲೂ ಪರೀಕ್ಷಕನ ಮುಂದೆ ನುಡಿಸುವುದು ಕಠಿನ. ಸಭೆಯು ಸಂತೋಷಪಡಲು ಬಂದಿರುತ್ತದೆ. ಪರೀಕ್ಷಕನು ದೋಷವನ್ನು ಹುಡುಕಲು ಕುಳಿತಿರುತ್ತಾನೆ. ಸಭೆಯಲ್ಲಿ ಸೋತವನಿಗೆ ನಾಳೆ ಇನ್ನೊಂದು ಸಭೆಯುಂಟು. ಪರೀಕ್ಷೆಯಲ್ಲಿ ಸೋತವನ ಮುಂದೆ ಬಾಗಿಲೇ ಮುಚ್ಚಿಬಿಡಬಹುದು. ಹನ್ನೆರಡು ವರ್ಷದ ಲಿಸ್ಟ್ ೧೮೨೩ರಲ್ಲಿ ಪ್ಯಾರಿಸ್ಸಿನ ಸಂಗೀತಶಾಲೆಯ ಬಾಗಿಲಿಗೆ ಬಂದಾಗ, ಪರದೇಶದವನೆಂಬ ಕಾರಣಕ್ಕೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಆ ಶಾಲೆಯ ಅಧ್ಯಕ್ಷನಾದ ಕೆರೂಬಿನಿಯು ತಾನೇ ಇಟಲಿಯವನಾಗಿದ್ದನೆಂಬುದು ವಿನೋದ. ವೆರ್ದಿಯು ೧೮೩೨ರಲ್ಲಿ ಮಿಲಾನ್ ನಗರದ ಸಂಗೀತಶಾಲೆಯ ಪರೀಕ್ಷೆಗೆ ಕುಳಿತನು. ವಯಸ್ಸು ಮೀರಿದೆಯೆಂದೂ, ಹೊರನಾಡಿನವನೆಂದೂ, ಪಿಯಾನೋದ ಮೇಲೆ ಕೈಯಿಡುವ ಕ್ರಮ ಸರಿಯಿಲ್ಲವೆಂದೂ ಆಕ್ಷೇಪಗಳು ಬಂದು ಅವನು ತಿರಸ್ಕೃತನಾದನು. ಆ ಅರ್ಜಿಯ ಕಾಗದವನ್ನು ಅವನು ಜೀವಮಾನವೆಲ್ಲ ಕಾಪಾಡಿಕೊಂಡಿದ್ದನು. ಹತ್ತು ವರ್ಷಗಳಲ್ಲಿ ಅವನ ಗೀತನಾಟಕವು ಅದೇ ನಗರವನ್ನು ಗೆದ್ದಿತು. ಬಳಿಕ ಅದೇ ಶಾಲೆಗೆ ಅವನ ಹೆಸರನ್ನೇ ಇಟ್ಟರು. ಆದರೆ ಹದಿನೆಂಟು ವರ್ಷದ ಹುಡುಗನ ಆ ದಿನದ ಗಾಯವು ಮಾಯಲಿಲ್ಲವೆಂಬುದಕ್ಕೆ ಆ ಹಳೆಯ ಕಾಗದವೇ ಸಾಕ್ಷಿ.

ಕಸಾಲ್ಸನಿಗೂ ಇಂತಹ ಪರೀಕ್ಷೆಗಳು ಎರಡು ಒದಗಿದವು. ಅವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಪರೀಕ್ಷಿಸಲ್ಪಡುವವನು ವಿದ್ಯಾರ್ಥಿಯೊಬ್ಬನೇ ಅಲ್ಲ, ಪರೀಕ್ಷಕನೂ ಹೌದೆಂಬುದು ಮನದಟ್ಟಾಗುತ್ತದೆ.

ಮೊದಲನೆಯದು ನಡೆದುದು ೧೮೯೫ರಲ್ಲಿ. ಅಷ್ಟರಲ್ಲಿ ಕಸಾಲ್ಸನು ಮಾಡ್ರಿಡ್ ನಗರದಲ್ಲಿ ಕೌಂಟ್ ಮೊರ್ಫಿ ಎಂಬ ಉದಾರ ಶ್ರೀಮಂತನ ಆಶ್ರಯವನ್ನೂ, ಎಳೆಯ ರಾಜನ ಪರವಾಗಿ ಆಳುತ್ತಿದ್ದ ರಾಣಿ ಮರಿಯಾ ಕ್ರಿಸ್ತೀನಾಳಿಂದ ತಿಂಗಳ ವೇತನವನ್ನೂ ಪಡೆದಿದ್ದನು. ಹೆಚ್ಚಿನ ವಿದ್ಯೆಗಾಗಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರಕ್ಕೆ ಹೋಗಬೇಕೆಂದು ಮೊರ್ಫಿಯ ಅಪೇಕ್ಷೆ. ತಾಯಿಯೂ ಇಬ್ಬರು ಚಿಕ್ಕ ತಮ್ಮಂದಿರೂ ಜೊತೆಗೆ ಹೊರಟರು. ಶಾಲೆಯ ಅಧ್ಯಕ್ಷನಾದ ವೃದ್ಧ ಗೆವಾರ್ಟನು ಹುಡುಗನ ಸ್ವರರಚನೆಗಳನ್ನು ಓದಿ ಮೆಚ್ಚಿ, ಚೆಲ್ಲೊವಿನ ಅಧ್ಯಾಪಕನಿಗೆ ಒಮ್ಮೆ ನುಡಿಸಿ ತೋರಿಸುವಂತೆ ಹೇಳಿದನು.

ಮರುದಿನ ಹದಿನೆಂಟು ವರ್ಷದ ಕಸಾಲ್ಸನು ತರಗತಿಯ ಹಿಂದುಗಡೆ ಮೌನವಾಗಿ ಕುಳಿತಿದ್ದನು. ಪಾಠ ಮುಗಿಯುವ ವೇಳೆಗೆ ಅಧ್ಯಾಪಕನು ಅವನ ಕಡೆಗೆ ತಿರುಗಿ, ಅಧ್ಯಕ್ಷರು ಹೇಳಿದ ಸ್ಪೇನಿನ ಪುಟ್ಟ ಹುಡುಗನು ನೀನೇ ಏನೆಂದು ವ್ಯಂಗ್ಯವಾಗಿ ಕೇಳಿದನು. ಒಂದಾದ ಮೇಲೊಂದರಂತೆ ಕೃತಿಗಳ ಹೆಸರು ಹೇಳಿ, ಇದು ಬರುವುದೇ, ಅದು ಬರುವುದೇ ಎಂದು ಪ್ರಶ್ನಿಸಿದನು. ಹುಡುಗನು ಎಲ್ಲಕ್ಕೂ ಬರುವುದೆಂದೇ ಉತ್ತರ ಕೊಟ್ಟನು. ಅದು ನಿಜವೇ ಆಗಿದ್ದಿತು. ಈ ಸ್ಪೇನಿನವನಿಗೆ ಎಲ್ಲವೂ ಬರುತ್ತದೆಯಂತೆ ನೋಡಿರೆಂದು ಅಧ್ಯಾಪಕನು ಹೇಳಲು, ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಕೊನೆಗೆ ಬೆಲ್ಜಿಯಂ ದೇಶದ ಸೆರ್ವೆ ಎಂಬವನು ರಚಿಸಿದ, ಬಹು ತೊಡಕಿನ ಒಂದು ಕೃತಿಯನ್ನು ನುಡಿಸುವಂತೆ ಆಜ್ಞೆಯಾಯಿತು. ಕಸಾಲ್ಸನ ಕೈಯಲ್ಲಿ ಸ್ವಂತ ವಾದ್ಯವೂ ಇರಲಿಲ್ಲ; ವಿದ್ಯಾರ್ಥಿಯೊಬ್ಬನ ಚೆಲ್ಲೊವನ್ನು ತೆಗೆದುಕೊಂಡು, ಕೈ ಪಳಗಿಸಿಕೊಳ್ಳಲು ಒಂದು ನಿಮಿಷದ ಅವಕಾಶವೂ ಇಲ್ಲದೆ, ನಗುತ್ತಿರುವ ಮುಖಗಳ ನಡುವೆ ನುಡಿಸತೊಡಗಿದನು.

ನಗು ನಿಂತಿತು. ಮುಗಿದ ಮೇಲೆ ಯಾರೊಬ್ಬರೂ ಮಾತನಾಡಲಿಲ್ಲ. ಅಧ್ಯಾಪಕನು ಅವನನ್ನು ತನ್ನ ಕೋಣೆಗೆ ಕರೆದೊಯ್ದು, ತನ್ನ ತರಗತಿಗೆ ಸೇರಿದರೆ ಆ ವರ್ಷದ ಪ್ರಥಮ ಬಹುಮಾನ ನಿನ್ನದೇ ಎಂದು ಮಾತುಕೊಟ್ಟನು. ಕಸಾಲ್ಸನು, ವಿದ್ಯಾರ್ಥಿಗಳ ಮುಂದೆ ತನ್ನನ್ನು ಹಾಸ್ಯಕ್ಕೆ ಗುರಿಮಾಡಿದವರ ಬಳಿ ಒಂದು ಕ್ಷಣವೂ ಇರಲೊಲ್ಲೆನೆಂದು ಹೇಳಿ ಹೊರಟುಬಂದನು. ಮರುದಿನವೇ ಕುಟುಂಬವು ಪ್ಯಾರಿಸ್ಸಿಗೆ ಪ್ರಯಾಣ ಮಾಡಿತು.

ಈ ಆತ್ಮಗೌರವಕ್ಕೆ ತೆತ್ತ ಬೆಲೆಯನ್ನು ಮರೆಯಲಾಗದು. ಬ್ರಸೆಲ್ಸನ್ನು ಬಿಟ್ಟುದರಿಂದ ರಾಣಿಯ ವೇತನ ನಿಂತುಹೋಯಿತು. ಪ್ಯಾರಿಸ್ಸಿನ ಚಳಿಗಾಲದಲ್ಲಿ ನಾಲ್ವರಿಗೂ ಹೊಟ್ಟೆಗೆ ಸಾಲದಾಯಿತು. ಕಸಾಲ್ಸನು ಒಂದು ವಿನೋದ ನಾಟ್ಯಗೃಹದ ಮೇಳದಲ್ಲಿ ಕೂಲಿಗೆ ನುಡಿಸಿದನು. ಟ್ರಾಮಿನ ದುಡ್ಡನ್ನು ಉಳಿಸಲೆಂದು ವಾದ್ಯವನ್ನು ಹೊತ್ತು ನಡೆದೇ ಹೋಗುತ್ತಿದ್ದನು. ತಾಯಿಯು ಹಗಲಿರುಳು ಹೊಲಿಗೆಯ ಕೆಲಸ ಮಾಡಿದಳು. ಒಂದು ದಿನ ಆಕೆ ಮನೆಗೆ ಬಂದಾಗ ತಲೆಯ ನೀಳವಾದ ಕೂದಲು ಇರಲಿಲ್ಲ. ಕೆಲವು ಫ್ರಾಂಕುಗಳಿಗಾಗಿ ಅದನ್ನು ಮಾರಿಬಂದಿದ್ದಳು. ಮಗನು ಕಾಯಿಲೆ ಬಿದ್ದನು. ಎಲ್ಲರೂ ಬಾರ್ಸಿಲೋನಾಕ್ಕೆ ಹಿಂದಿರುಗಬೇಕಾಯಿತು. ಪರೀಕ್ಷಕನ ನಾಲಗೆಯಿಂದ ಹೊರಟ ಒಂದು ಹಗುರವಾದ ಮಾತು ಒಂದು ಸಂಸಾರವನ್ನು ಎಲ್ಲಿಗೆ ತಂದು ನಿಲ್ಲಿಸಬಲ್ಲುದೆಂಬುದಕ್ಕೆ ಇದು ಉದಾಹರಣೆ.

ಎರಡನೆಯ ಪರೀಕ್ಷೆ ನಾಲ್ಕು ವರ್ಷಗಳ ಮೇಲೆ, ೧೮೯೯ರ ಶರತ್ಕಾಲದಲ್ಲಿ, ಅದೇ ಪ್ಯಾರಿಸ್ಸಿನಲ್ಲಿ ನಡೆಯಿತು. ಈ ಸಲ ಪರೀಕ್ಷಕನು ಶಾರ್ಲ್ ಲಾಮುರೂ. ಫ್ರಾನ್ಸ್ ದೇಶದಲ್ಲಿ ಬಹು ಪ್ರಸಿದ್ಧವಾದ ವಾದ್ಯಮೇಳವೊಂದರ ನಾಯಕ. ಅರುವತ್ತೈದು ವರ್ಷ ವಯಸ್ಸಾಗಿ, ಕಾಯಿಲೆಯಿಂದ ಮೈ ಬಗ್ಗಿ, ಕುರ್ಚಿಯಿಂದ ಏಳುವುದೇ ಪ್ರಯಾಸವಾಗಿದ್ದ ಆತನು ಮುಂಗೋಪಿಯೆಂದು ಹೆಸರಾದವನು. ಮೊರ್ಫಿಯು ಬರೆದುಕೊಟ್ಟ ಕಾಗದವನ್ನು ಹಿಡಿದು ಹೋದ ಕಸಾಲ್ಸನಿಗೆ ನಾಳೆ ವಾದ್ಯದೊಡನೆ ಬಾ ಎಂಬ ಉತ್ತರ ದೊರೆಯಿತು. ಮರುದಿನ ಹೋದಾಗ ಲಾಮುರೂ ಮೇಜಿನ ಮೇಲೆ ಸ್ವರಪತ್ರಗಳನ್ನು ಹರಡಿಕೊಂಡು, ಎಲ್ಲರೂ ಬಂದು ಕೆಲಸ ಕೆಡಿಸುತ್ತಾರೆಂದು ಗೊಣಗುತ್ತಿದ್ದನು. ತೊಂದರೆಯಾಗುವುದಾದರೆ ತಾನು ಹಿಂದಿರುಗುವೆನೆಂದು ಕಸಾಲ್ಸನು ವಿನಯದಿಂದ ಹೇಳಿದನು. ವೃದ್ಧನು ತಲೆಯೆತ್ತಿ ನೋಡಿ, ಹುಡುಗನ ನಡತೆಯನ್ನು ಮೆಚ್ಚಿದವನಂತೆ, ನುಡಿಸು ಎಂದು ಹೇಳಿ ಮತ್ತೆ ಕಾಗದಗಳ ಕಡೆಗೆ ಬಗ್ಗಿದನು.

ಕಸಾಲ್ಸನು ತಂತಿಗಳನ್ನು ಶ್ರುತಿಮಾಡಿಕೊಂಡು, ಲಾಲೊ ಎಂಬವನ ಕೃತಿಯನ್ನು ಎತ್ತಿಕೊಂಡನು. ಕೆಲವು ಸ್ವರಗಳು ಹೊರಡುವಷ್ಟರಲ್ಲಿ ಲಾಮುರೂವಿನ ಲೇಖನಿ ಕೆಳಗಿಳಿಯಿತು. ಆತನು ಮೆಲ್ಲಗೆ ಕುರ್ಚಿಯಲ್ಲಿ ತಿರುಗಿದನು. ಬಳಿಕ, ಅಷ್ಟು ನೋವಿನ ಮೈಯನ್ನು ಎತ್ತಿಕೊಂಡು ನಿಂತನು. ಮುಗಿಯುವವರೆಗೂ ನಿಂತೇ ಇದ್ದನು. ಮುಗಿದೊಡನೆ ಕಣ್ಣಲ್ಲಿ ನೀರು ತುಂಬಿಕೊಂಡು ಆ ತರುಣನನ್ನು ಅಪ್ಪಿಕೊಂಡನು. ೧೮೯೯ರ ನವೆಂಬರ್ ೧೨ರಂದು ಅದೇ ಕೃತಿಯನ್ನು ಕಸಾಲ್ಸನು ಲಾಮುರೂವಿನ ಮೇಳದೊಡನೆ ನುಡಿಸಿದನು. ಯೂರೋಪಿನಲ್ಲಿ ಅವನ ಕೀರ್ತಿ ಹಬ್ಬಿದುದು ಅಲ್ಲಿಂದ ಮುಂದೆಯೇ. ಡಿಸೆಂಬರ್ ಕೊನೆಯಾಗುವ ಮುಂಚೆ ಲಾಮುರೂ ತೀರಿಕೊಂಡನು.

ಎರಡು ಕಡೆಯೂ ನುಡಿಸಿದವನು ಒಬ್ಬನೇ, ವಿದ್ಯೆಯೂ ಕೀಳಾಗಿರಲಿಲ್ಲ. ಒಂದು ಕಡೆಯಲ್ಲಿ ಪರೀಕ್ಷಕನು ಕೇಳುವುದಕ್ಕೆ ಮುಂಚೆಯೇ ತೀರ್ಪು ಕೊಟ್ಟನು. ಇನ್ನೊಂದು ಕಡೆಯಲ್ಲಿ, ಮುಂಗೋಪಿಯಾಗಿದ್ದರೂ, ಕೇಳಿದ ಬಳಿಕ ತೀರ್ಪು ಕೊಟ್ಟನು. ವ್ಯತ್ಯಾಸವಿರುವುದು ಇಷ್ಟರಲ್ಲಿಯೇ.

ಇಷ್ಟು ಜಯ ದೊರೆತ ಮೇಲಾದರೂ ಅಂಜಿಕೆ ಅಡಗಿತೇ ಎಂದರೆ, ಇಲ್ಲ. ೧೯೦೧ರಲ್ಲಿ ಕಸಾಲ್ಸನು ಗಾಯಕಿ ಎಮ್ಮಾ ನೆವಾಡಾಳೊಡನೆ ಅಮೆರಿಕದಲ್ಲಿ ಸಂಚಾರ ಮಾಡುತ್ತಿದ್ದನು. ಸಾನ್ ಫ್ರಾನ್ಸಿಸ್ಕೋ ನಗರದ ಬಳಿಯ ತಮಾಲ್‌ಪಾಯಿಸ್ ಬೆಟ್ಟವನ್ನು ಇಳಿಯುತ್ತಿರುವಾಗ ಮೇಲಿನಿಂದ ಒಂದು ಬಂಡೆಗಲ್ಲು ಉರುಳಿಬಂದು ಅವನ ಎಡಗೈಯ ಬೆರಳುಗಳನ್ನು ಜಜ್ಜಿತು. ನೆತ್ತರು ಸುರಿಯುತ್ತಿದ್ದ ಕೈಯನ್ನು ನೋಡಿದಾಗ ತನ್ನ ಮನಸ್ಸಿನಲ್ಲಿ ಹೊಳೆದ ಮೊದಲ ಯೋಚನೆ ಯಾವುದೆಂಬುದನ್ನು ಕಸಾಲ್ಸನು ಮುಚ್ಚಿಡದೆ ಹೇಳಿದ್ದಾನೆ: ದೇವರ ದಯೆ, ಇನ್ನು ಚೆಲ್ಲೊ ನುಡಿಸಬೇಕಾದುದಿಲ್ಲವೆಂದು ಅವನಿಗೆ ಹಗುರವೆನಿಸಿತಂತೆ. ವಾದ್ಯವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದವನಲ್ಲಿ ಇಂತಹ ಯೋಚನೆ ಹುಟ್ಟಬೇಕಾದರೆ, ಪ್ರತಿಯೊಂದು ಸಭೆಯ ಮುಂಚೆ ಅವನು ಹೊರುತ್ತಿದ್ದ ಭಾರವೆಷ್ಟೆಂಬುದನ್ನು ಊಹಿಸಿಕೊಳ್ಳಬಹುದು. ಆದರೂ ನಾಲ್ಕು ತಿಂಗಳು ಚಿಕಿತ್ಸೆಯನ್ನೂ ಬೆರಳಿನ ವ್ಯಾಯಾಮವನ್ನೂ ಬಿಡದೆ ಮಾಡಿ, ಕೈಯನ್ನು ಸರಿಪಡಿಸಿಕೊಂಡು, ಮತ್ತೆ ವೇದಿಕೆಗೇ ಹೋದವನು ಅವನು. ಅಂಜುವುದು ಬೇರೆ, ಹೇಡಿಯಾಗುವುದು ಬೇರೆ.

ಅದೇ ೧೯೦೧ರಲ್ಲಿ ಜಪಾನಿನ ವಿದ್ವಾಂಸ ತಾಕಾಮೀನೆಯು ಅಡ್ರಿನಲಿನ್ ಎಂಬ ದೇಹರಸವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ವಾರ್ತೆ ಪ್ರಕಟವಾಯಿತು. ಭಯ ಕೋಪಗಳು ಉಂಟಾದಾಗ ಈ ರಸವು ರಕ್ತಕ್ಕೆ ಸೇರಿ ದೇಹವನ್ನು ಹೋರಾಟಕ್ಕೋ ಪಲಾಯನಕ್ಕೋ ಸಿದ್ಧಗೊಳಿಸುವುದೆಂಬುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ೧೯೧೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಎದೆ ವೇಗವಾಗಿ ಬಡಿಯುತ್ತದೆ. ಚರ್ಮದ ಕಡೆಗೆ ಹರಿಯುವ ರಕ್ತ ಕಡಮೆಯಾಗಿ ದೊಡ್ಡ ಮಾಂಸಖಂಡಗಳಿಗೆ ಹೆಚ್ಚಾಗಿ ಹರಿಯುತ್ತದೆ. ಅದರಿಂದಲೇ ಬೆರಳು ತಣ್ಣಗಾಗುವುದು. ಜೊಲ್ಲು ಬತ್ತುತ್ತದೆ, ಸ್ನಾಯುಗಳು ಬಿಗಿದು ನಡುಗುತ್ತವೆ. ಹುಲಿಯ ಎದುರಿಗೆ ಓಡಬೇಕಾದವನಿಗೆ ಇದೆಲ್ಲವೂ ಉಪಕಾರವೇ ಸರಿ. ಓಡದೆ ಕುಳಿತು, ಕಮಾನನ್ನು ಕೂದಲೆಳೆಯಷ್ಟು ನಿಧಾನವಾಗಿ ಎಳೆಯಬೇಕಾದವನಿಗೆ ಇದಕ್ಕಿಂತ ಅಪಕಾರವಿಲ್ಲ. ಹೀಗಿರುವುದರಿಂದ ಸಭಾಕಂಪವು ಚಾರಿತ್ರದ ದೋಷವಲ್ಲ, ವಿದ್ಯೆಯ ದೋಷವೂ ಅಲ್ಲ. ದೇಹವು ತನ್ನ ಹಳೆಯ ಕರ್ತವ್ಯವನ್ನು ಹೊತ್ತಲ್ಲದ ಹೊತ್ತಿನಲ್ಲಿ ಮಾಡುವುದಷ್ಟೆ. ಈ ರಸದ ಪ್ರಭಾವವನ್ನು ತಡೆಯುವ ಔಷಧಗಳೂ ಬಳಿಕ ಬಂದವು. ೧೯೭೭ರಲ್ಲಿ ಲಂಡನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಇಪ್ಪತ್ತನಾಲ್ಕು ಮಂದಿ ತಂತಿವಾದಕರ ಮೇಲೆ ನಡೆಸಿದ ಪ್ರಯೋಗದ ವರದಿ ಬಂದಿತು. ನಡುಕ ಕಡಮೆಯಾಗಿ ವಾದನ ಸುಧಾರಿಸಿತೆಂದು ಅದರಲ್ಲಿ ಹೇಳಿದೆ. ಆದರೆ ಉಬ್ಬಸವೇ ಮೊದಲಾದ ಕಾಯಿಲೆಯುಳ್ಳವರಿಗೆ ಅಂತಹ ಔಷಧ ಅಪಾಯಕರ. ವೈದ್ಯರನ್ನು ಕೇಳದೆ ಮುಟ್ಟತಕ್ಕುದಲ್ಲ.

ಔಷಧವಿಲ್ಲದ ಉಪಾಯವೊಂದು ವಾದಕರಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅದೇ ಪರೀಕ್ಷೆಗೆ ಮುಂಚೆ ಕೈಯನ್ನೂ ಕಂಠವನ್ನೂ ಹದಕ್ಕೆ ತಂದುಕೊಳ್ಳುವುದು. ತಣ್ಣಗಾದ ಸ್ನಾಯು ನಿಧಾನವಾಗಿ ಕೆಲಸ ಮಾಡುತ್ತದೆ, ಬೆಚ್ಚಗಾದುದು ಚುರುಕಾಗುತ್ತದೆ. ಆದುದರಿಂದ ವಾದಕರು ಬಿಸಿನೀರಿನಲ್ಲಿ ಕೈ ಅದ್ದುವುದು, ಕೈಚೀಲ ಧರಿಸುವುದು, ನೀಳವಾದ ಸ್ವರಗಳನ್ನು ಸಾವಕಾಶವಾಗಿ ಎಳೆಯುವುದು, ಆರೋಹಣ ಅವರೋಹಣಗಳನ್ನು ಮೊದಲು ವಿಳಂಬದಲ್ಲಿ, ಬಳಿಕ ಮಧ್ಯಮಗತಿಯಲ್ಲಿ ನುಡಿಸುವುದು ಇವೇ ಮೊದಲಾದ ಕ್ರಮಗಳನ್ನು ಅನುಸರಿಸುತ್ತಾರೆ. ಕನ್ನಡನಾಡಿನ ಮನೆಗಳಲ್ಲಿ ಬೆಳಗಿನ ಜಾವ ಮಾಯಾಮಾಳವಗೌಳದ ಸರಳೆ ವರಸೆಗಳನ್ನು ಮೂರು ಕಾಲದಲ್ಲಿ ಹಾಡಿಸುವ ಪದ್ಧತಿಯೂ, ಹಿಂದೂಸ್ಥಾನೀ ಗಾಯಕರ ಮಂದ್ರಸಾಧನೆಯೂ, ಕಚೇರಿಯನ್ನು ವರ್ಣದಿಂದ ಆರಂಭಿಸುವ ವಾಡಿಕೆಯೂ ಇದೇ ಪ್ರಯೋಜನವನ್ನು ನೆರವೇರಿಸುತ್ತವೆ. ತಂಬೂರಿಯನ್ನು ಶ್ರುತಿಗೂಡಿಸುವ ಆ ಕೆಲವು ನಿಮಿಷಗಳಲ್ಲಿ ತಂತಿಗಳಷ್ಟೇ ಅಲ್ಲ, ಗಾಯಕನ ಉಸಿರೂ ಒಂದು ನೆಲೆಗೆ ಬರುತ್ತದೆ.

ಇದರಲ್ಲಿ ಎಳೆಯರು ಸಾಮಾನ್ಯವಾಗಿ ಮಾಡುವ ತಪ್ಪೊಂದುಂಟು. ಪರೀಕ್ಷೆಗೆ ಅರ್ಧ ಗಂಟೆ ಇರುವಾಗ ಕೃತಿಯ ಅತಿ ಕಠಿನವಾದ ಭಾಗವನ್ನು ಹಿಡಿದು, ಮತ್ತೆ ಮತ್ತೆ ವೇಗದಲ್ಲಿ ನುಡಿಸಿ, ಒಮ್ಮೆ ತಪ್ಪಿದರೆ ಹತ್ತು ಸಲ ತಿದ್ದಲು ಹೊರಟು, ಕೈಯನ್ನು ದಣಿಸಿಕೊಂಡು ಮನಸ್ಸನ್ನು ಕೆಡಿಸಿಕೊಂಡು ಒಳಗೆ ಹೋಗುತ್ತಾರೆ. ಆ ಅರ್ಧ ಗಂಟೆಯಲ್ಲಿ ಹೊಸದಾಗಿ ಕಲಿಯಬಹುದಾದುದು ಯಾವುದೂ ಇಲ್ಲ, ಕೆಡಿಸಿಕೊಳ್ಳಬಹುದಾದುದು ಬೇಕಾದಷ್ಟಿದೆ. ಶೊಪ್ಯಾನನ ಕ್ರಮ ಇದಕ್ಕೆ ವಿರುದ್ಧವಾಗಿದ್ದಿತು. ಜನಸಮೂಹವನ್ನು ಕಂಡರೆ ಉಸಿರುಕಟ್ಟುತ್ತಿದ್ದ ಆ ಮಹಾವಾದಕನು ಜೀವಮಾನದಲ್ಲಿ ಬಹಿರಂಗವಾಗಿ ನುಡಿಸಿದುದು ಸುಮಾರು ಮೂವತ್ತು ಸಲ ಮಾತ್ರ. ಸಭೆ ಹತ್ತಿರವಾದಾಗ ಅವನು ಎರಡು ವಾರ ಬಾಗಿಲು ಮುಚ್ಚಿಕೊಂಡು, ತನ್ನ ಸ್ವಂತ ಕೃತಿಗಳನ್ನು ಬಿಟ್ಟು, ಬಾಖ್‌ನ ಕೃತಿಗಳನ್ನೇ ನುಡಿಸುತ್ತಿದ್ದನೆಂದು ಅವನ ಶಿಷ್ಯನಾದ ಲೆಂಟ್ಸ್ ಬರೆದಿಟ್ಟಿದ್ದಾನೆ.

ಕಸಾಲ್ಸನೂ ಬಾಖ್‌ನ ಬಳಿಗೇ ಹೋದನು. ಆದರೆ ಎರಡು ವಾರದ ಮಟ್ಟಿಗಲ್ಲ, ಜೀವಮಾನದ ಮಟ್ಟಿಗೆ. ೧೮೯೦ರಲ್ಲಿ, ಹದಿಮೂರು ವರ್ಷದವನಾಗಿದ್ದಾಗ, ತಂದೆಯೊಡನೆ ಬಾರ್ಸಿಲೋನಾದ ಒಂದು ಹಳೆಯ ಅಂಗಡಿಯಲ್ಲಿ ಸ್ವರಪುಸ್ತಕಗಳನ್ನು ಹುಡುಕುತ್ತಿರುವಾಗ, ಬಾಖ್ ಚೆಲ್ಲೊವಿಗಾಗಿ ಬರೆದ ಆರು ಕೃತಿಗುಚ್ಛಗಳು ಅವನ ಕೈಗೆ ಸಿಕ್ಕಿದವು. ಅವುಗಳನ್ನು ಒಣ ಅಭ್ಯಾಸಪಾಠಗಳೆಂದು ಜನರು ಎಣಿಸಿದ್ದ ಕಾಲವದು. ಕಸಾಲ್ಸನು ಹನ್ನೆರಡು ವರ್ಷಗಳ ಕಾಲ ಅವುಗಳನ್ನು ದಿನವೂ ಸಾಧನೆಮಾಡಿದ ಬಳಿಕವೇ, ಒಂದು ಗುಚ್ಛವನ್ನು ಪೂರ್ತಿಯಾಗಿ ಸಭೆಯಲ್ಲಿ ನುಡಿಸುವ ಧೈರ್ಯ ಮಾಡಿದನು. ಇದಲ್ಲದೆ, ಪ್ರತಿದಿನ ಬೆಳಗ್ಗೆ ಎದ್ದೊಡನೆ ಪಿಯಾನೋದ ಮುಂದೆ ಕುಳಿತು ಬಾಖ್‌ನ ಎರಡು ಪೀಠಿಕೆಗಳನ್ನೂ ಅವುಗಳ ಫ್ಯೂಗುಗಳನ್ನೂ ನುಡಿಸುವ ನಿಯಮವೊಂದನ್ನು ಅವನು ಸುಮಾರು ಎಂಬತ್ತು ವರ್ಷ ನಡೆಸಿಕೊಂಡು ಬಂದನು. ಅದು ಯಾಂತ್ರಿಕವಾದ ರೂಢಿಯಲ್ಲವೆಂದೂ, ಮನೆಗೆ ದೊರೆತ ಆಶೀರ್ವಾದದಂತೆಂದೂ, ದಿನವೂ ಅದರಲ್ಲಿ ಹೊಸದೊಂದು ಕಾಣುವುದೆಂದೂ ಅವನು ಹೇಳುತ್ತಿದ್ದನು.

ಇದರ ಮರ್ಮವನ್ನು ತಿಳಿಯಬೇಕು. ಸಭೆಯ ದಿನ ಬೆಳಗ್ಗೆಯೂ ಕಸಾಲ್ಸನು ಮಾಡಿದುದು ಬೇರೆ ದಿನಗಳಲ್ಲಿ ಮಾಡಿದುದನ್ನೇ. ಆ ದಿನಕ್ಕೆಂದು ವಿಶೇಷವಾದ ವ್ರತವಿರಲಿಲ್ಲ; ಆದುದರಿಂದ ಆ ದಿನವು ಬೇರೆ ದಿನಗಳಿಂದ ಪೂರ್ತಿಯಾಗಿ ಕಡಿದುಹೋಗಲಿಲ್ಲ. ಪರೀಕ್ಷೆಯ ಮುಂಜಾನೆ ಮಾತ್ರ ಎದ್ದು ಸಾಧನೆಮಾಡುವವನಿಗೆ ಆ ಸಾಧನೆಯೇ ಭಯವನ್ನು ನೆನಪಿಗೆ ತರುತ್ತದೆ. ನಿತ್ಯವೂ ಮಾಡುವವನಿಗೆ ಅದು ಮನೆಯನ್ನು ನೆನಪಿಗೆ ತರುತ್ತದೆ. ಭಯವು ನಾಳೆಯ ಕಡೆಗೆ ಎಳೆಯುತ್ತದೆ, ಅಭ್ಯಾಸವು ಈಹೊತ್ತಿನ ಸ್ವರದ ಕಡೆಗೆ ಎಳೆಯುತ್ತದೆ. ಎರಡೂ ಒಟ್ಟಿಗೆ ಇರಬಲ್ಲವು. ಕಸಾಲ್ಸನಲ್ಲಿ ಕೊನೆಯವರೆಗೂ ಒಟ್ಟಿಗೇ ಇದ್ದವು.

ವಿಯೆನ್ನಾ ನಗರದಲ್ಲಿ ಅವನು ಮೊದಲ ಬಾರಿಗೆ ನುಡಿಸಿದಾಗ ನಡೆದ ಸಂಗತಿ ಇದನ್ನೇ ಇನ್ನೊಂದು ರೀತಿಯಲ್ಲಿ ತೋರಿಸುತ್ತದೆ. ಸಂಗೀತದ ರಾಜಧಾನಿಯೆನಿಸಿದ ಆ ನಗರದ ಹೆಸರಾಂತ ಸಭಾಮಂದಿರದಲ್ಲಿ ಅವನ ನಡುಕ ಎಂದಿಗಿಂತಲೂ ಹೆಚ್ಚಾಗಿದ್ದಿತು. ಮೊದಲ ಸ್ವರಕ್ಕೆ ಅಣಿಯಾಗುವಾಗ ಬಿಗಿದುಕೊಂಡಿದ್ದ ಬೆರಳುಗಳಿಂದ ಕಮಾನು ಜಾರಿ, ಹಾರಿ, ಶ್ರೋತೃಗಳ ನಡುವೆ ಹೋಗಿ ಬಿದ್ದಿತು. ಯಾರೂ ನಗಲಿಲ್ಲ. ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ, ಪೂರ್ಣಮೌನದಲ್ಲಿ ಕಮಾನು ಮುಂದಕ್ಕೆ ಬರತೊಡಗಿತು. ಅದು ಮೆಲ್ಲಮೆಲ್ಲನೆ ಬರುವುದನ್ನೇ ನೋಡುತ್ತ ಕುಳಿತಿದ್ದ ಕಸಾಲ್ಸನ ಅಳುಕು ಆ ಕೆಲವು ನಿಮಿಷಗಳಲ್ಲಿ ಇಳಿದುಹೋಯಿತು. ಕಮಾನು ಕೈಸೇರಿದಾಗ ಕೈ ಸ್ಥಿರವಾಗಿದ್ದಿತು. ಆ ದಿನ ಅವನು ಬಹು ಚೆನ್ನಾಗಿ ನುಡಿಸಿದನು. ತನ್ನನ್ನು ತಾನು ನೋಡಿಕೊಳ್ಳುವುದನ್ನು ಬಿಟ್ಟು ಬೇರೊಂದನ್ನು ನೋಡಿದುದೇ ಅವನಿಗೆ ಔಷಧವಾಯಿತು. ಅದಕ್ಕಿಂತ ಹೆಚ್ಚಾಗಿ, ನಗಬಹುದಾಗಿದ್ದ ಜನರು ನಗದೆ ಇದ್ದುದು ಔಷಧವಾಯಿತು. ಬ್ರಸೆಲ್ಸಿನ ತರಗತಿಗೂ ವಿಯೆನ್ನಾದ ಸಭೆಗೂ ಇರುವ ಅಂತರ ಇದು.

ಪರೀಕ್ಷಕರ ಪಕ್ಷಪಾತವನ್ನು ತಡೆಯುವುದಕ್ಕಾಗಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಸ ಕ್ರಮವೊಂದು ಹುಟ್ಟಿತು. ಅಮೆರಿಕದ ಬಾಸ್ಟನ್ ನಗರದ ವಾದ್ಯಮೇಳವು ೧೯೫೨ರಲ್ಲಿ ಪರೀಕ್ಷಕರಿಗೂ ವಾದಕರಿಗೂ ನಡುವೆ ತೆರೆಯನ್ನು ಕಟ್ಟಿತು; ೧೯೭೦ರ ತರುವಾಯ ಇತರ ಮೇಳಗಳೂ ಅದನ್ನು ಅನುಸರಿಸಿದವು. ಪಾದರಕ್ಷೆಯ ಸದ್ದಿನಿಂದ ಗಂಡಸೋ ಹೆಂಗಸೋ ತಿಳಿದೀತೆಂದು ನೆಲಕ್ಕೆ ರತ್ನಗಂಬಳಿ ಹಾಸುವವರೂ ಉಂಟಾದರು. ಆ ದೇಶದ ಐದು ಮುಖ್ಯ ಮೇಳಗಳಲ್ಲಿ ೧೯೭೦ರಲ್ಲಿ ನೂರಕ್ಕೆ ಐದರಷ್ಟೂ ಇರದಿದ್ದ ಸ್ತ್ರೀವಾದಕರ ಸಂಖ್ಯೆ ೧೯೯೭ರ ವೇಳೆಗೆ ನೂರಕ್ಕೆ ಇಪ್ಪತ್ತೈದರಷ್ಟಾಯಿತು. ತೆರೆಯು ಅದಕ್ಕೆ ಒಂದು ಕಾರಣವೆಂದು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿ ತೋರಿಸಿದ್ದಾರೆ. ಭಾರತದಲ್ಲಿಯೂ, ೧೯೫೨ರಲ್ಲಿ ಕೇಸ್ಕರ್ ಅವರು ವಾರ್ತಾಖಾತೆಯ ಮಂತ್ರಿಗಳಾದ 뒤ಮೇಲೆ, ಆಕಾಶವಾಣಿಯು ಗಾಯಕ ವಾದಕರನ್ನು ಪರೀಕ್ಷಿಸಿ ದರ್ಜೆ ಕೊಡುವ ಪದ್ಧತಿಯನ್ನು ತಂದಿತು. ಹೆಸರು ಮುಖಗಳನ್ನು ಕಾಣದೆ ಧ್ವನಿಯನ್ನು ಮಾತ್ರ ಕೇಳಿ ತೀರ್ಪು ಕೊಡಬೇಕೆಂಬುದು ಅದರ ಉದ್ದೇಶ. ಹಿರಿಯ ವಿದ್ವಾಂಸರಲ್ಲಿ ಹಲವರು ಇದನ್ನು ಅವಮಾನವೆಂದು ಬಗೆದು ಪ್ರತಿಭಟಿಸಿದರು. ಧಾರವಾಡ, ಬೆಂಗಳೂರು ನಿಲಯಗಳ ಮೂಲಕ ಕನ್ನಡಿಗ ಕಲಾವಿದರೂ ಆ ಮೌನವಾದ ಕೋಣೆಯ ಅನುಭವವನ್ನು ಪಡೆದರು.

ತೆರೆಯು ನ್ಯಾಯಕ್ಕೆ ಸಹಾಯವೆಂಬುದರಲ್ಲಿ ಸಂದೇಹವಿಲ್ಲ. ತೆರೆಯಿದ್ದಿದ್ದರೆ ಬ್ರಸೆಲ್ಸಿನಲ್ಲಿ ಆ ನಗೆ ಏಳುತ್ತಿರಲಿಲ್ಲ. ಒಂದು ಬಡ ಸಂಸಾರ ಚಳಿಗಾಲದ ಬೀದಿಗೆ ಬೀಳುತ್ತಿರಲಿಲ್ಲ. ಆದರೆ ತೆರೆಯಿದ್ದಿದ್ದರೆ, ಮೇಜಿನ ಮೇಲೆ ಲೇಖನಿಯನ್ನಿಟ್ಟು ಪ್ರಯಾಸದಿಂದ ಎದ್ದುನಿಂತ ವೃದ್ಧನನ್ನು ಕಸಾಲ್ಸನು ನೋಡುತ್ತಲೂ ಇರಲಿಲ್ಲ. ತೀರ್ಪಿಗೆ ತೆರೆ ಸಾಕು. ಧೈರ್ಯ ತುಂಬುವುದಕ್ಕೆ ಮನುಷ್ಯನ ಮುಖವೇ ಬೇಕು. ಈ ಎರಡನೆಯ ಕೆಲಸ ಪರೀಕ್ಷಾಮಂದಿರದಲ್ಲಿ ನಡೆಯದಿದ್ದರೆ ಮನೆಯಲ್ಲಾದರೂ ನಡೆಯಬೇಕು. ಟ್ರಾಮಿನಲ್ಲಿ ಕುಳಿತ ತಂದೆಯು ಮಾಡಿದುದು ಅದನ್ನೇ.

ಪಾಬ್ಲೊ ಕಸಾಲ್ಸನು ೧೯೭೩ರ ಅಕ್ಟೋಬರ್ ೨೨ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ತಾಯಿಯು ಹುಟ್ಟಿದ ಪೋರ್ಟೊರೀಕೊ ದ್ವೀಪದಲ್ಲಿ ತೀರಿಕೊಂಡನು. ತನ್ನ ಅಳುಕನ್ನು ಅವನು ಎಂದೂ ಮರೆಮಾಚಲಿಲ್ಲ. ಅದಕ್ಕಾಗಿ ವಾದ್ಯವನ್ನು ಬಿಡಲೂ ಇಲ್ಲ. ಪರೀಕ್ಷೆಯ ಬಾಗಿಲಲ್ಲಿ ತಣ್ಣಗಾದ ಕೈಗಳನ್ನು ಉಜ್ಜಿಕೊಳ್ಳುತ್ತ ಕುಳಿತ ಮಗನಿಗೋ ಮಗಳಿಗೋ, ಅಂಜಬೇಡವೆಂದು ಹೇಳುವುದಕ್ಕಿಂತ, ಅಂಜಿಕೆಯಿರುವುದು ಸಹಜವೆಂದೂ, ಮೊದಲ ಸ್ವರವನ್ನು ದಿನವೂ ಎತ್ತಿಕೊಂಡಂತೆಯೇ ಎತ್ತಿಕೊಳ್ಳಬೇಕೆಂದೂ ಹೇಳುವುದು ಹೆಚ್ಚು ಉಪಯುಕ್ತವಾದೀತು.